ಕೋಟು ಕಂದು, ಟೈ ಕೆಂಪು, ಆದರೂ ನಗು ಯಾಕೆ ಬರಲಿಲ್ಲ?

ಕಾಲೇಜುಗಳಲ್ಲಿ ಗ್ಯಾದರಿಂಗ್ ಶುರುವಾದವು ಅಂದ್ರೆ ಕಲಬುರಗಿಯ ಯಾವ ವೇದಿಕೆಗೆ ಹೋದರೂ ಒಬ್ಬ ಮಿಸ್ಟರ್ ಬೀನ್, ಅಂದ್ರೆ ಇಂಗ್ಲಿಷ್ ಟಿವಿಯ ಆ ಮಾತಾಡದ ಹಾಸ್ಯಪಾತ್ರದ ನಕಲು, ಸಿಕ್ಕೇ ಸಿಗುತ್ತಾನೆ. ಅಣ್ಣನ ಮದುವೆಗೆ ಹೊಲಿಸಿದ ಕಂದು ಕೋಟು, ಸಾಲಿ ಕಾಲದ ಕೆಂಪು ಟೈ, ತಂಗಿಯಿಂದ ಕಸಿದು ತಂದ ಗೊಂಬೆ. ಹುಡುಗ ಬಂದು ಹುಬ್ಬು ಕುಣಿಸಿದ ಕೂಡಲೇ ಶಿಳ್ಳೆ. ಮೊದಲ ನಿಮಿಷ ಇಡೀ ಸಭೆ ನಗುತ್ತದೆ. ಎರಡನೇ ನಿಮಿಷಕ್ಕೆ ಮುಂದಿನ ಎರಡು ಸಾಲು ಮಾತ್ರ. ಮೂರನೆಯದಕ್ಕೆ ಹಿಂದಿನಿಂದ ಒಂದು ದನಿ: "ಏ ಸಾಕ್ ಮಾಡಪ್ಪೋ, ಇಳಿ ಕೆಳಗ!"

ಹುಡುಗನ ಮುಖಕ್ಕೇನೂ ಧಾಡಿಯಾಗಿಲ್ಲ. ಆ ಪಾತ್ರ ಮುಖದ ಮೇಲೆ ನಿಂತಿದೆ ಅಂತ ನಂಬಿದ್ದರಲ್ಲೇ ತಪ್ಪಿದೆ. ಬೀನ್ ನಿಂತಿರುವುದು ಲೆಕ್ಕದ ಮೇಲೆ. ಅದನ್ನು ಕಟ್ಟಿದವನೇ ಒಬ್ಬ ಇಂಜಿನಿಯರ್.

ಬೀನ್ ಪಾತ್ರ ಕಟ್ಟಿ ಆಡಿದ ರೋವನ್ ಅಟ್ಕಿನ್ಸನ್ ಹುಟ್ಟಿದ್ದು 1955ರ ಜನವರಿ 6ರಂದು, ಇಂಗ್ಲೆಂಡಿನ ಉತ್ತರಕ್ಕಿರುವ ಡರ್ಹಮ್ ಸೀಮೆಯ ಕಾನ್ಸೆಟ್ ಎಂಬ ಊರಿನಲ್ಲಿ. ಅಪ್ಪ ಒಕ್ಕಲುತನದವರು. ಮಗ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, 1975ರಲ್ಲಿ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿಗೆ ಎಂ.ಎಸ್ಸಿ. ಮಾಡಲು ಹೋದ. ಹಿಡಿದ ವಿಷಯ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತ ಹೋಗುವ ನಿಯಂತ್ರಣ ವ್ಯವಸ್ಥೆ. ನಮ್ಮ ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಹುಡುಗರು ಇದನ್ನು ಓದಿ ಮುಸಿಮುಸಿ ನಗಬಹುದು. ಬೀನ್ ಎಂದರೆ ಅದೇ ಯಂತ್ರ ಕೆಟ್ಟು ನಿಂತಂತೆ: ಪ್ರತಿ ತಪ್ಪನ್ನೂ ತಿದ್ದಲು ಹೋಗುತ್ತಾನೆ, ಪ್ರತಿ ತಿದ್ದುಪಡಿಯಿಂದ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ.

ಆಕ್ಸ್‌ಫರ್ಡಿನಲ್ಲೇ ಅವನಿಗೆ ಬರವಣಿಗೆಗಾರ ರಿಚರ್ಡ್ ಕರ್ಟಿಸ್ ಸಿಕ್ಕ, ಸಂಗೀತಗಾರ ಹೋವರ್ಡ್ ಗುಡಾಲ್ ಸಿಕ್ಕ. ಮುಂದಿನ ಇಪ್ಪತ್ತು ವರ್ಷದ ಕೆಲಸ ಬಹುಪಾಲು ಈ ಗೆಳೆಯರ ಜೊತೆಗೇ ನಡೆಯಿತು. ಬೀನ್ ಶುರುವಿಗೆ ಬರುವ, ಗುಡಿಯೊಳಗಿನ ಭಜನೆಯಂಥ ಆ ಗಂಭೀರ ಹಾಡು ಗುಡಾಲ್‌ನದು. ಲ್ಯಾಟಿನ್ ಭಾಷೆಯಲ್ಲಿ ಅಷ್ಟು ಭಕ್ತಿಯಿಂದ ಅವರು ಹಾಡುವುದು ಇಷ್ಟೇ: ಇಗೋ ನೋಡಿ, ಅವರೆಕಾಳಾದ ಮನುಷ್ಯ.

ಬೀನ್ ಮಾತಾಡುವುದಿಲ್ಲ, ಹಾಗಾಗಿ ಅಟ್ಕಿನ್ಸನ್‌ಗೆ ಮಾತು ಬರುವುದಿಲ್ಲ ಅಂದುಕೊಂಡವರು ನಮ್ಮಲ್ಲಿ ಬಹಳ. ಅವನಿಗೆ ಉಗ್ಗು ಇದ್ದದ್ದು ಖರೆ. ಅದರಲ್ಲೂ ಇಂಗ್ಲಿಷಿನ 'ಬ' ಸದ್ದು ಅವನಿಗೆ ತೊಡಕು. ಬೇರೆ ಪಾತ್ರವಾಗಿ ನಿಂತಾಗ ಉಗ್ಗು ಹೋಗುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆದರೆ ಅವನು ಹೆಸರು ಮಾಡಿದ್ದೇ ಮಾತಿನಿಂದ. 1979ರಿಂದ 1982ರವರೆಗೆ ಬಿಬಿಸಿಯಲ್ಲಿ ಸುದ್ದಿಯನ್ನು ಅಣಕಿಸುವ 'ನಾಟ್ ದಿ ನೈನ್ ಓ'ಕ್ಲಾಕ್ ನ್ಯೂಸ್', ಆಮೇಲೆ 1983ರಿಂದ 1989ರವರೆಗೆ 'ಬ್ಲ್ಯಾಕ್ಆ್ಯಡರ್'. ಇದು ನಾಲ್ಕು ಸರಣಿ, ಒಂದೊಂದರಲ್ಲಿ ಆರು ಕಂತು. ಒಬ್ಬ ಕುಟಿಲ ಬುದ್ಧಿಯ ಮನುಷ್ಯ ನಾಲಿಗೆಯಿಂದಲೇ ಎಲ್ಲರನ್ನೂ ಕತ್ತರಿಸುತ್ತ ಹೋಗುವ ಕಥೆ. ತೊಡಕಿನ 'ಬ'ಕಾರವನ್ನು ಅವನು ಅದರಲ್ಲಿ ಒತ್ತಿ, ತುಟಿ ಸಿಡಿಸಿ ಹೇಳುತ್ತಿದ್ದ. ಜನ ಅದಕ್ಕೇ ಬಿದ್ದು ಬಿದ್ದು ನಕ್ಕರು.

ಅಂದರೆ ಮಾತಿನಲ್ಲಿ ಪಳಗಿದವನು ಬೇಕೆಂದೇ ಮಾತು ಬಿಟ್ಟ. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹಾಸ್ಯೋತ್ಸವಕ್ಕೆ ಹೋದಾಗ ಇಂಗ್ಲಿಷ್ ಕಾರ್ಯಕ್ರಮಗಳ ಪಟ್ಟಿ ಬೇಡವೆಂದು, ಫ್ರೆಂಚ್ ಮಂದಿಗಾಗಿ ಇದ್ದ ಪಟ್ಟಿಯಲ್ಲೇ ತನ್ನನ್ನು ಹಾಕಲು ಹಟ ಹಿಡಿದ. ಸಂಘಟಕರಿಗೆ ಅರ್ಥವಾಗಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಪರೀಕ್ಷೆ: ತನ್ನ ಭಾಷೆ ತಿಳಿಯದವರ ಮುಂದೆ ಬರೀ ಮೈಯಿಂದ ನಗು ಹುಟ್ಟುತ್ತದೋ ಇಲ್ಲವೋ. ಹುಟ್ಟಿತು. 1990ರ ಜನವರಿ 1ರಂದು ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ ಮೊದಲ ಕಂತು ಬಂತು, ಅದೇ ವರ್ಷ ಸ್ವಿಟ್ಜರ್ಲೆಂಡಿನ ಮಾಂಟ್ರೋದ ಗೋಲ್ಡನ್ ರೋಸ್ ಟಿವಿ ಪ್ರಶಸ್ತಿಯೂ ಬಂತು. ಮೊದಲ ಕಂತು ತಯಾರಾಗುವವರೆಗೆ ಪಾತ್ರಕ್ಕೆ ಹೆಸರೇ ಇರಲಿಲ್ಲ. ಕಾಯಿಪಲ್ಲೆ ಹೆಸರುಗಳನ್ನು ಹುಡುಕುತ್ತಿದ್ದರು. ಹೂಕೋಸು ಎಂಬುದೂ ಪಟ್ಟಿಯಲ್ಲಿತ್ತು!

ಒಟ್ಟು ಕಂತು ಎಷ್ಟು ಅಂತ ಕೇಳಿದರೆ ನಮ್ಮ ಹುಡುಗರು ನೂರು, ಇನ್ನೂರು ಅನ್ನುತ್ತಾರೆ. ಹದಿನೈದು. ಟಿವಿಯಲ್ಲಿ 1995ರವರೆಗೆ ಬಂದವು ಹದಿನಾಲ್ಕು, ಇನ್ನೊಂದು ನೇರ ವಿಡಿಯೋ ಕ್ಯಾಸೆಟ್ಟಿಗೆ ಹೋಯಿತು. ಒಂದೊಂದು ಸುಮಾರು 25 ನಿಮಿಷ. ಎಲ್ಲ ಸೇರಿಸಿದರೂ ಏಳು ತಾಸು ತುಂಬದು. ನೂರಾರು ಕಂತು ಅನ್ನಿಸುವುದು ಟಿವಿಯವರು ಅವನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಕ್ಕೆ, ಜೊತೆಗೆ 2002ರಲ್ಲಿ ಶುರುವಾದ ಕಾರ್ಟೂನ್ ಬೀನ್ ಬೇರೆ ಇರುವುದಕ್ಕೆ. ನಮ್ಮಲ್ಲಿ ವಾರಕ್ಕೆ ಐದು ದಿನ ಕಾಮಿಡಿ ಬೇಕೆನ್ನುವವರು ಈ ಹದಿನೈದರ ಲೆಕ್ಕವನ್ನು ಒಮ್ಮೆ ನೋಡಬೇಕು. ಸುಮಾರು ಆರು ವರ್ಷಕ್ಕೆ ಹದಿನೈದು, ಅದೂ ಮೂರು-ನಾಲ್ಕು ತಲೆ ಸೇರಿ ಬರೆದದ್ದು.

ಆಮೇಲಿನದು ಚುಟುಕಾಗಿ: 1997ರಲ್ಲಿ ಮತ್ತು 2007ರಲ್ಲಿ ಬೀನ್ ಸಿನಿಮಾಗಳು. ಬ್ಯಾಂಕ್ ಕಾರ್ಡಿನ ಜಾಹೀರಾತಿಗೆ ಮಾಡಿದ ಗೂಢಚಾರನ ಪಾತ್ರ ಬೆಳೆದು 2003ರಲ್ಲಿ 'ಜಾನಿ ಇಂಗ್ಲಿಷ್' ಆಯಿತು, 2011 ಮತ್ತು 2018ರಲ್ಲಿ ಮುಂದುವರಿದ ಭಾಗಗಳೂ ಬಂದವು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೊಡ್ಡ ವಾದ್ಯಗೋಷ್ಠಿಯ ನಡುವೆ ಕುಂತು ಒಂದೇ ಒಂದು ಸ್ವರ ಒತ್ತುತ್ತ ಬೇಸರಪಟ್ಟುಕೊಂಡದ್ದು ಜಗತ್ತೇ ನೋಡಿದ್ದು. 2016ರಲ್ಲಿ ನಗುವೇ ಇಲ್ಲದ ಪತ್ತೇದಾರ ಮೆಗ್ರೆಯ ಪಾತ್ರ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಜೇನುಹುಳದ ಜೊತೆ ಗುದ್ದಾಟ. ಒಲಿಂಪಿಕ್ಸ್ ತುಣುಕು ಬಿಟ್ಟರೆ ನಮ್ಮ ಕೆಲಸಕ್ಕೆ ಬರುವುದು ಆ ಹದಿನೈದೇ.

ನಮ್ಮ ಕಡೆ ಅದು ಇಷ್ಟು ಬೇರೂರಲು ಕಾರಣ ಉಂಟು. ಕಲಬುರಗಿಯ ಒಂದು ಗಲ್ಲಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಪೋಗೋ ಚಾನೆಲ್ಲಿನಲ್ಲಿ ಬೀನ್ ಬಂದರೆ ಅಜ್ಜಿಗೂ ಮೊಮ್ಮಗನಿಗೂ ಯಾರೂ ಅರ್ಥ ಹೇಳಬೇಕಿರಲಿಲ್ಲ. ಗುಂಪಾಗಿ ಕುಂತು ಟಿವಿ ನೋಡುವುದೇನೂ ನಮಗೆ ಹೊಸದಲ್ಲ ಬಿಡಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದಿಂದ ಹಳ್ಳಿಗಳಿಗೆ ನೇರ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆದಾಗ ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಛತ್ರಿ, ಅದರ ಕೆಳಗೆ ಊರಿಗೊಂದು ಟಿವಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಟಿವಿಯ ಮುಂದೆ ಗುಂಪು ಕೂಡುವುದರಲ್ಲಿ ನಮ್ಮ ಹಳ್ಳಿಗಳೇ ರಾಜಧಾನಿಗಿಂತ ಮೊದಲು.

ನಗಿಸುವ ರೂಢಿ ಮಾತ್ರ ನಮ್ಮದು ಪೂರ್ತಿ ಮಾತಿನದು. ದೊಡ್ಡಾಟದ ಸಾರಥಿಯಿಂದ ಹಿಡಿದು ಜಾತ್ರೆಯ ಕಂಪನಿ ನಾಟಕದ ಹಾಸ್ಯಗಾರನವರೆಗೆ ಎಲ್ಲರೂ ನಾಲಿಗೆಯ ಮೇಲೆ ನಿಂತವರು. ಹಾಗಾಗಿ ನಮ್ಮ ಹುಡುಗ ಬೆಂಗಳೂರಿನ ಕಾಮಿಡಿ ಶೋಗೆ ಹೋದರೆ ಒಂದು ಫಜೀತಿ: ಅವನು ಕಟ್ಟಿದ ಜೋಕಿಗೆ ನಗು ಬರುವ ಬದಲು ಅವನ "ಏನ್ ಮಾಡ್ಲತ್ತೀರಿ" ಎಂಬ ಮಾತಿನ ಧಾಟಿಗೇ ನಗು ಬರುತ್ತದೆ. ಇದು ಹುಡುಗರಿಗೆ ಲಾಭ ಅಂತ ಹೇಳುವವರಿದ್ದಾರೆ. ನನಗೆ ಅದು ಒಪ್ಪಿತವಿಲ್ಲ. ಆ ನಗು ಎರಡು ವಾರದಲ್ಲಿ ಸವೆಯುತ್ತದೆ, ಆಮೇಲೆ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಮಾತಿಲ್ಲದ ಆರು ನಿಮಿಷ ಕಟ್ಟಲು ಕಲಿತವನಿಗೆ ಉಳಿಯುತ್ತದೆ.

ಕಲಿಯಲು ಒಂದೇ ದೃಶ್ಯ ಸಾಕು: ಪಾರ್ಕಿನ ಬೆಂಚಿನ ಮೇಲೆ ಬೀನ್ ಸ್ಯಾಂಡ್‌ವಿಚ್ ಮಾಡುವುದು. ಪಕ್ಕದಲ್ಲಿ ಒಬ್ಬ ಸಭ್ಯ ಮನುಷ್ಯ ಡಬ್ಬಿಯಿಂದ ತನ್ನ ಸ್ಯಾಂಡ್‌ವಿಚ್ ತೆಗೆದು ತಿನ್ನುತ್ತಿರುತ್ತಾನೆ. ಬೀನ್ ಕೋಟಿನೊಳಗಿಂದ ಇಡೀ ಬ್ರೆಡ್ ತೆಗೆದು ಕತ್ತರಿಯಿಂದ ತುಂಡು ಮಾಡುತ್ತಾನೆ. ಬೆಣ್ಣೆ ಸವರಲು ಬ್ಯಾಂಕ್ ಕಾರ್ಡು. ತೊಳೆದ ಸೊಪ್ಪಿನ ನೀರು ಹೋಗಲು ಅದನ್ನು ಕಾಲುಚೀಲದಲ್ಲಿ ಹಾಕಿ ಗರಗರ ತಿರುಗಿಸುತ್ತಾನೆ. ಕಾಳುಮೆಣಸನ್ನು ಕರವಸ್ತ್ರದಲ್ಲಿ ಕಟ್ಟಿ ಬೂಟಿನಿಂದ ಕುಟ್ಟುತ್ತಾನೆ. ಚಹಾ ತಯಾರಾಗುವುದು ಬಿಸಿನೀರಿನ ರಬ್ಬರ್ ಚೀಲದಲ್ಲಿ. ಎಲ್ಲ ಮುಗಿದು ಇನ್ನೇನು ಬಾಯಿಗಿಡಬೇಕು, ಸೀನು ಬಂದು ಎಲ್ಲ ಮಣ್ಣುಪಾಲು.

ಇಲ್ಲಿ ಮೂರು ವಿಷಯ ಗಮನಿಸಿ. ಕ್ರಮ ಪೂರ್ತಿ ಸರಿಯಿದೆ: ಕೊಯ್ಯಬೇಕು, ಸವರಬೇಕು, ತೊಳೆಯಬೇಕು, ಒಣಗಿಸಬೇಕು, ಕುಟ್ಟಬೇಕು. ಯಾವ ಅಡುಗೆಯವರೂ ಇದನ್ನೇ ಮಾಡುತ್ತಾರೆ. ಕೆಟ್ಟಿರುವುದು ಸಲಕರಣೆ ಮಾತ್ರ. ಎರಡನೆಯದು, ಅವನಿಗೆ ಅದು ತಪ್ಪು ಅನ್ನಿಸುವುದೇ ಇಲ್ಲ, ಬಹಳ ಶಿಸ್ತಿನಿಂದ ಮಾಡುತ್ತಾನೆ. ಮೂರನೆಯದೇ ದೊಡ್ಡದು: ಪಕ್ಕದವನು. ಅವನ ಡಬ್ಬಿ, ಅವನ ನೋಟ ಇಲ್ಲದಿದ್ದರೆ ಬೀನ್ ಎಷ್ಟು ಹಳಿ ತಪ್ಪಿದ್ದಾನೆ ಅಂತ ಅಳೆಯಲು ನಮಗೆ ಅಳತೆಗೋಲೇ ಇರುವುದಿಲ್ಲ. ಗ್ಯಾದರಿಂಗಿನ ಬೀನ್‌ಗಳು ಸೋಲುವುದು ಇಲ್ಲಿಯೇ, ವೇದಿಕೆ ಮೇಲೆ ಒಬ್ಬರೇ ಬಂದು ನಿಲ್ಲುತ್ತಾರೆ.

ಮೈಯ ಲೆಕ್ಕ ಐದು ಹೆಜ್ಜೆಯದು. ಕಾಣು, ಯೋಚಿಸು, ನಿರ್ಧರಿಸು, ಮಾಡು, ಯಾರಾದರೂ ನೋಡಿದರೇ ಅಂತ ಹೊರಳಿ ನೋಡು. ಕಾಣುವುದಕ್ಕೆ ಎರಡು ಎಣಿಕೆ, ಯೋಚನೆಗೆ ಎರಡು, ನಿರ್ಧಾರಕ್ಕೆ ಒಂದು. ಮಾಡುವುದು ಎಷ್ಟಾದರೂ ಆಗಲಿ, ಹೊರಳಿ ನೋಡುವುದಕ್ಕೆ ಮತ್ತೆ ಎರಡು. ನಗು ಬೀಳುವುದು ಬಹುಪಾಲು ನಿರ್ಧಾರದ ಆ ಒಂದು ಎಣಿಕೆಯಲ್ಲಿ, ಏಕೆಂದರೆ ಅವನು ಏನು ಮಾಡಲಿದ್ದಾನೆ ಅಂತ ಜನಕ್ಕೆ ಆಗ ತಿಳಿದುಬಿಡುತ್ತದೆ. ಹೊಸಬರು ಕಂಡ ಕೂಡಲೇ ಮಾಡಿಬಿಡುತ್ತಾರೆ, ನಡುವಿನ ಮೂರು ಎಣಿಕೆ ನುಂಗುತ್ತಾರೆ. ಇನ್ನು ಕೆಲವರು ಪ್ರತಿ ಹೆಜ್ಜೆಗೂ ಸಭೆಯ ಕಡೆ ತಿರುಗಿ ಹಲ್ಲು ಕಿರಿಯುತ್ತಾರೆ. ಬೀನ್ ಸಭೆಯನ್ನು ನೋಡುವುದೇ ಇಲ್ಲ, ಅವನಿಗೆ ತನ್ನ ಕೆಲಸವೇ ಜಗತ್ತು.

ತಾಲೀಮಿಗೆ ಒಂದು ಉಪಾಯ. ಕಣ್ಣಿನ ಕೆಳಗೆ ದಸ್ತಿ ಕಟ್ಟಿಕೊಂಡು ಇಡೀ ಆಟ ಆಡಿ. ಗೆಳೆಯರಿಗೆ ಕಥೆ ತಿಳಿದರೆ ಆಟ ನಿಂತಿದೆ ಅಂತ ಲೆಕ್ಕ. ತಿಳಿಯದಿದ್ದರೆ ಇಷ್ಟು ದಿನ ಹುಬ್ಬು, ತುಟಿಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದ್ದವು. ಟಿವಿಯಲ್ಲಿ ಕ್ಯಾಮೆರಾ ಹತ್ತಿರ ಬಂದು ಹುಬ್ಬನ್ನು ಪರದೆ ತುಂಬ ತೋರಿಸುತ್ತದೆ. ಎಸ್.ಎಂ. ಪಂಡಿತ್ ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿಗೆ ಹುಬ್ಬು ಎಲ್ಲಿಂದ ಕಾಣಬೇಕು? ಅಲ್ಲಿಗೆ ಮುಟ್ಟುವುದು ಭುಜ, ಮೊಣಕೈ, ಮೊಣಕಾಲು, ಮತ್ತು ಕೈಯಲ್ಲಿರುವ ವಸ್ತು. ವಸ್ತು ಒಂದು ಮೊಳಕ್ಕಿಂತ ಸಣ್ಣದಿದ್ದರೆ ಇಲ್ಲದಂತೆಯೇ. ಪೆನ್ನಿನ ಜಾಗಕ್ಕೆ ಕೊಡೆ ತನ್ನಿ, ಗುಂಡಿಯ ಜಾಗಕ್ಕೆ ತಾಟು ತನ್ನಿ.

ಈಗ ನಮ್ಮದೇ ಒಂದು ಆಟ ಕಟ್ಟೋಣ. ಕೋಟು ಬೇಡ, ಟೈ ಬೇಡ, ಗೊಂಬೆ ಮೊದಲೇ ಬೇಡ. ಟಿವಿ ಆಡಿಷನ್ನಿಗೆ ಹೋಗುವವರಂತೂ ಇನ್ನೊಬ್ಬರ ಪಾತ್ರ ಹೊತ್ತುಕೊಂಡು ಹೋಗಲೇಬಾರದು, ಅದನ್ನು ಮಿಮಿಕ್ರಿ ಅಂತ ಬದಿಗಿಡುತ್ತಾರೆ. ಬಿಳಿ ಅಂಗಿ, ಧೋತರ ಅಥವಾ ಪ್ಯಾಂಟು, ಹೆಗಲಿಗೆ ಟವೆಲ್ಲು, ತಲೆಗೆ ಟೊಪ್ಪಿಗೆ, ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಜಾಗ: ಕಲಬುರಗಿ ಬಸ್ ಸ್ಟ್ಯಾಂಡ್, ಆಳಂದಕ್ಕೆ ಹೋಗುವ ಬಸ್ಸು, ಹಬ್ಬದ ಹಿಂದಿನ ದಿನ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು ಗೊತ್ತಿಲ್ಲದವರು ನಮ್ಮ ಮೂರು ಜಿಲ್ಲೆಯಲ್ಲಿ ಯಾರಿದ್ದಾರೆ?

ಮನುಷ್ಯ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆಯುತ್ತಾನೆ. ಸಮಾಧಾನದಿಂದ ಬಾಗಿಲಿನ ಸಾಲಿಗೆ ಹೋಗುತ್ತಾನೆ. ಒಳಗೆ ಬರುವಷ್ಟರಲ್ಲಿ ಟವೆಲ್ಲಿನ ಮೇಲೆ ದಪ್ಪನೆಯವರೊಬ್ಬರು ಕುಂತು ನಿದ್ದೆ ಹೊಡೆಯುತ್ತಿದ್ದಾರೆ. ಅವನು ಜಗಳಕ್ಕೆ ಹೋಗುವುದಿಲ್ಲ. ಬೇರೆ ಸೀಟು ಖಾಲಿ ಕಾಣುತ್ತದೆ, ಎರಡು ಹೆಜ್ಜೆ ನಡೆದರೆ ಕೂಡಬಹುದು. ಆದರೆ ಸೀಟು ಹಿಡಿಯುವುದೆಂದರೆ ಕಿಟಕಿಯಿಂದಲೇ ಹಿಡಿಯಬೇಕು ಅಂತ ಅವನ ನಂಬಿಕೆ. ಕೆಳಗಿಳಿದು, ಸುತ್ತಿ ಬಂದು, ಟೊಪ್ಪಿಗೆ ಒಗೆಯುತ್ತಾನೆ. ಅಜ್ಜಿಯೊಬ್ಬಳು ಅದರಲ್ಲಿ ಶೇಂಗಾ ಸುಲಿದು ಹಾಕುತ್ತ ಕುಂತಿರುತ್ತಾಳೆ. ಮತ್ತೆ ಕೆಳಗೆ. ಈ ಸಲ ಒಂದು ಚಪ್ಪಲಿ. ಆಮೇಲೆ ಡಬ್ಬಿ. ಇಡೀ ಆಟದ ಜೀವ ಆ ಒಂದು ತಪ್ಪು ನಂಬಿಕೆಯಲ್ಲಿದೆ. ಅದು ಮೊದಲ ನಲವತ್ತು ಸೆಕೆಂಡಿನಲ್ಲಿ ಜನಕ್ಕೆ ಮುಟ್ಟದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹಾಗಾಗಿ ಖಾಲಿ ಸೀಟಿನ ಪಕ್ಕ ಅವನು ನಿಂತು, ಅದನ್ನು ಕೈಯಿಂದ ಒರೆಸಿ, ತಲೆ ಅಲ್ಲಾಡಿಸಿ ಕೆಳಗಿಳಿಯುವುದನ್ನು ನಿಧಾನವಾಗಿ ಮಾಡಬೇಕು.

ಸಾಮಾನು ಇಷ್ಟು: ಎಂಟು ಪ್ಲಾಸ್ಟಿಕ್ ಕುರ್ಚಿ, ಎರಡೆರಡರ ನಾಲ್ಕು ಸಾಲು, ಸಭೆಗೆ ಜರಾ ಓರೆಯಾಗಿ. ಕಿಟಕಿಗೆ ಮೂರಡಿ-ಎರಡಡಿಯ ಕಟ್ಟಿಗೆ ಚೌಕಟ್ಟು, ನಾಲ್ಕಡಿ ಎತ್ತರದ ಎರಡು ಕಾಲು. ಕಾಲಿನ ಬುಡಕ್ಕೆ ಐದೈದು ಕಿಲೋ ಉಸುಕಿನ ಚೀಲ ಕಟ್ಟದಿದ್ದರೆ ಮೊದಲ ಏಟಿಗೇ ಕಿಟಕಿ ಮಲಗುತ್ತದೆ. ತೆಳ್ಳನೆ ಟವೆಲ್ಲು ಗಾಳಿಯಲ್ಲಿ ಬಿಚ್ಚಿಕೊಂಡು ಅರ್ಧ ದಾರಿಯಲ್ಲೇ ಬೀಳುತ್ತದೆ, ಒಂದು ತುದಿಗೆ ಗಂಟು ಹಾಕಿ, ಆ ಗಂಟನ್ನಷ್ಟೇ ಒದ್ದೆ ಮಾಡಿ. ವೇದಿಕೆಯ ಫ್ಯಾನು ಬಂದ್ ಮಾಡಿಸಿ. ಡಬ್ಬಿಯನ್ನು ದೂರದಿಂದ ಒಗೆಯಬೇಡಿ, ಕುರ್ಚಿಯಲ್ಲಿದ್ದವರ ಹಣೆ ಒಡೆದೀತು. ಕಿಟಕಿಯ ಒಳಗೆ ಕೈಚಾಚಿ ಬಿಟ್ಟುಬಿಟ್ಟರೆ ಸಾಕು, ಖಾಲಿ ಡಬ್ಬಿಯ ಠಣ್ ಸದ್ದು ಆಟದ ಮೊದಲ ಸದ್ದಾಗಬೇಕು. ಅದಕ್ಕಾಗಿ ಹಿನ್ನೆಲೆ ಸಂಗೀತ ಬೇಡ ಅಂತ ಸೌಂಡಿನವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಪೆನ್‌ಡ್ರೈವಿನಲ್ಲಿದ್ದ ಯಾವುದೋ ಧುನ್ ಹಚ್ಚಿಬಿಡುತ್ತಾರೆ.

ನಿರೂಪಕರಿಗೂ ಒಂದು ಮಾತು ಹೇಳಿಡಿ. "ಈಗ ನಿಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಲು ಬರುತ್ತಿದ್ದಾರೆ, ಬಸ್ಸಿನಲ್ಲಿ ಸೀಟು ಹಿಡಿಯುವ ಕಥೆ" ಅಂದುಬಿಟ್ಟರೆ ಅರ್ಧ ಆಟ ಅಲ್ಲೇ ಸತ್ತಿತು. ಹೆಸರು ಹೇಳಿ ಕೆಳಗಿಳಿದರೆ ಸಾಕು.

ನಿಮಗೆ ಆರು ನಿಮಿಷ ಕೊಟ್ಟಿದ್ದರೆ ತಾಲೀಮಿನಲ್ಲಿ ನಾಲ್ಕೂವರೆಗೆ ಮುಗಿಯಬೇಕು, ಉಳಿದದ್ದು ನಗುವಿನ ಪಾಲು. ಜನ ನಗುತ್ತಿರುವಾಗ ಮುಂದಿನ ಹೆಜ್ಜೆ ಇಡಬೇಡಿ, ನಗು ಇಳಿಯಲು ಶುರುವಾದಾಗ ಇಡಿ. ಪೂರ್ತಿ ನಿಂತ ಮೇಲೆ ಇಟ್ಟರೆ ತಡವಾಯಿತು. ಬರೀ ಕೋಣೆಯಲ್ಲಿ ತಾಲೀಮು ಮಾಡಿದವರಿಗೆ ಇದು ಸಿಗುವುದಿಲ್ಲ, ಕನಿಷ್ಠ ಎರಡು ಸಲ ಹಾಸ್ಟೆಲಿನ ಇಪ್ಪತ್ತು-ಮೂವತ್ತು ಹುಡುಗರ ಮುಂದೆ ಆಡಲೇಬೇಕು.

ಮುಕ್ತಾಯ ಹೀಗೆ. ಕಂಡಕ್ಟರ್ ಬಂದು ಸೀಟಿ ಊದಿ, ಈ ಬಸ್ಸು ಹೋಗುವುದಿಲ್ಲ, ಆ ಕಡೆಯದು ಹತ್ತಿ ಅಂತ ಕೈ ಮಾಡುತ್ತಾನೆ. ಎಲ್ಲರೂ ದಡಬಡ ಇಳಿಯುತ್ತಾರೆ, ಅವಸರದಲ್ಲಿ ಅಜ್ಜಿ ತನ್ನ ಗಂಟಿನ ಜೊತೆ ಅವನ ಚಪ್ಪಲಿಯನ್ನೂ ಬಾಚಿಕೊಂಡು ಹೋಗುತ್ತಾಳೆ. ಇವನಿಗೆ ಇಡೀ ಬಸ್ಸು ಖಾಲಿ ಸಿಕ್ಕ ಖುಷಿ. ಟವೆಲ್ ಒಂದು ಸೀಟಿಗೆ, ಟೊಪ್ಪಿಗೆ ಒಂದಕ್ಕೆ, ಡಬ್ಬಿ ಒಂದಕ್ಕೆ ಇಟ್ಟು, ಕಾಲು ಚಾಚಿ ಕೂಡುತ್ತಾನೆ. ಹೊರಗೆ ಇನ್ನೊಂದು ಬಸ್ಸಿನ ಹಾರ್ನು, ಹೊರಟ ಸದ್ದು. ಅವನು ಕಿಟಕಿಯಿಂದ ಅದಕ್ಕೆ ಟಾಟಾ ಮಾಡುತ್ತಾನೆ, ಆಮೇಲೆ ತನ್ನ ಬರಿಗಾಲು ನೋಡಿಕೊಳ್ಳುತ್ತಾನೆ. ಇಲ್ಲಿ ಎರಡು ಎಣಿಕೆ, ಲೈಟು ಬಂದ್. ಲೈಟಿನವರು ತಡ ಮಾಡುತ್ತಾರೆ ಅನ್ನುವ ಅನುಮಾನ ಇದ್ದರೆ ಉಳಿದ ಚಪ್ಪಲಿಯನ್ನೂ ಆ ಬಸ್ಸಿನ ಕಡೆಗೆ ಒಗೆದು ಸೀಟು ಹಿಡಿಯಲಿ. ಆ ಹೊಡೆತಕ್ಕೆ ಬರುವ ನಗುವಿನಲ್ಲಿ ನಡೆದು ಹೊರಗೆ ಬರಬಹುದು.